ಟೆರಿ ಪ್ರಾಚೆಟ್ ಹೋಗಿ 10 ವರ್ಷ: ಕೊನೆಯ ಪುಸ್ತಕ ಓದಿದಿರಾ, ಹಾಗೇ ಇಟ್ಟುಕೊಂಡಿದ್ದೀರಾ?

ಹಳೇಪುಸ್ತಕ

ಇವತ್ತು 2025ರ ಮಾರ್ಚ್ 12. 2015ರಲ್ಲಿ ಇದೇ ದಿನ ಇಂಗ್ಲಿಷ್ ಕಾದಂಬರಿಕಾರ ಟೆರಿ ಪ್ರಾಚೆಟ್ ತೀರಿಕೊಂಡರು. ಇಂಗ್ಲೆಂಡಿನ ವಿಲ್ಟ್‌ಷೈರ್‌ನಲ್ಲಿ, ತಮ್ಮ ಮನೆಯಲ್ಲೇ, ಮನೆಯವರು ಸುತ್ತ ಇದ್ದಾಗ, ಹಾಸಿಗೆಯ ಮೇಲೆ ಬೆಕ್ಕು ಮಲಗಿದ್ದಾಗ. 66 ವರ್ಷ. ಹೋಗುವ ವಯಸ್ಸೇನಲ್ಲ.

ಆ ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತಾ ಫೋನ್ ನೋಡಿದೆ. ಅವರದೇ ಟ್ವಿಟರ್ ಖಾತೆಯಲ್ಲಿ ಒಂದರ ಹಿಂದೆ ಒಂದು ಸಾಲು ಬಂದಿತ್ತು. ಮೊದಲನೆಯದರಲ್ಲಿ ಸಾವು, ಅವರ ಪುಸ್ತಕಗಳಲ್ಲಿ ಅದೂ ಒಂದು ಪಾತ್ರ, ಮಾತಾಡುತ್ತದೆ, ಸರ್ ಟೆರಿ, ಕೊನೆಗೂ ನಾವಿಬ್ಬರೂ ಜೊತೆಗೆ ನಡೆಯಬೇಕು ಅಂತ. ಎರಡನೆಯದರಲ್ಲಿ ಟೆರಿ ಸಾವಿನ ತೋಳು ಹಿಡಿದು ಬಾಗಿಲು ದಾಟಿ ಕತ್ತಲೆಯ ಮರಳುಗಾಡಿಗೆ ಹೋಗುತ್ತಾರೆ. ಮೂರನೆಯದು ಬರೀ 'ಮುಗಿಯಿತು'. ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಒಂದು ಸಲವೂ ನೋಡದ ಮನುಷ್ಯನಿಗೆ ಹೀಗೆ ಅಳಬಹುದು ಅಂತ ನನಗೇ ಗೊತ್ತಿರಲಿಲ್ಲ.

ಅವರನ್ನು ಓದದವರಿಗೆ ಒಂದೆರಡು ಮಾತು. ಅವರ ಡಿಸ್ಕ್‌ವರ್ಲ್ಡ್ ಅನ್ನೋದು ತಟ್ಟೆಯಂತೆ ಚಪ್ಪಟೆಯಾದ ಲೋಕ. ನಾಲ್ಕು ಆನೆಗಳು ಅದನ್ನು ಹೊತ್ತಿವೆ, ಆ ಆನೆಗಳು ಒಂದು ದೊಡ್ಡ ಆಮೆಯ ಬೆನ್ನ ಮೇಲೆ ನಿಂತಿವೆ, ಆಮೆ ನಕ್ಷತ್ರಗಳ ನಡುವೆ ಈಜುತ್ತಾ ಹೋಗುತ್ತಿದೆ. ದಿಗ್ಗಜಗಳ ಕಥೆ, ಕೂರ್ಮಾವತಾರದ ಕಥೆ ಕೇಳಿ ಬೆಳೆದ ನಮಗೆ ಇದು ಹೊರಗಿನ ಊರು ಅನ್ನಿಸುವುದೇ ಇಲ್ಲ. 1983ರಲ್ಲಿ ಮೊದಲ ಪುಸ್ತಕ ಬಂತು, ಒಟ್ಟು 41. ನಾನು ಮೊದಲು ಓದಿದ್ದು 'ಮಾರ್ಟ್', ಸಾವಿನ ಹತ್ತಿರ ಕೆಲಸ ಕಲಿಯೋಕೆ ಸೇರುವ ಹುಡುಗನ ಕಥೆ. ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ್ದು, ಮೂಲೆ ಮಡಚಿ ಹೋಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಅವರ ಕೊನೆಯ ಪುಸ್ತಕ 'ದಿ ಶೆಫರ್ಡ್ಸ್ ಕ್ರೌನ್' ಅವರು ಹೋದ ಮೇಲೆ 2015ರ ಆಗಸ್ಟ್‌ನಲ್ಲಿ ಬಂತು. ಬಂದ ವಾರವೇ ತೆಗೆದುಕೊಂಡೆ. ಇಲ್ಲಿಯವರೆಗೆ ತೆರೆದಿಲ್ಲ. ಅದನ್ನು ಓದಿಬಿಟ್ಟರೆ ಅವರು ಹೇಳೋದು ಇನ್ನೇನೂ ಉಳಿಯುವುದಿಲ್ಲ ಅನ್ನೋ ಸಂಕಟ. ಅದು ಕಪಾಟಿನಲ್ಲಿ ಇರುವವರೆಗೂ ಇನ್ನೊಂದು ಇದೆ ಅನ್ನೋ ಧೈರ್ಯ ಇರುತ್ತೆ, ಅಲ್ವಾ? ನೀವೆಲ್ಲ ಏನು ಮಾಡಿದಿರಿ?

ನಾಗರಬೆತ್ತ

ನಾನು ಓದಿದೆ. ಒಂದೇ ರಾತ್ರಿ. ಓದದೇ ಇಡೋದು ಅವರಿಗೆ ಮಾಡುವ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆ ಸ್ಥಿತಿಯಲ್ಲಿ, ಅಷ್ಟು ಕಷ್ಟಪಟ್ಟು ಬರೆದದ್ದು ಕಪಾಟಿನಲ್ಲಿ ಇರಲಿ ಅಂತ ಅಲ್ಲ.

ಆ ಕಷ್ಟ ಎಂಥದ್ದು ಅಂತ ಹೇಳಬೇಕು. 2007ರ ಡಿಸೆಂಬರ್‌ನಲ್ಲಿ ಅವರು ತಮಗೆ ಆಲ್ಝೈಮರ್ ಇದೆ ಅಂತ ಓದುಗರಿಗೆ ತಾವೇ ತಿಳಿಸಿದರು. ಅದರಲ್ಲೂ ಅಪರೂಪದ ಬಗೆ, ಮಿದುಳಿನ ಹಿಂಭಾಗ ಮೊದಲು ಸವೆಯುವುದು. ಅಲ್ಲಿ ಮೊದಲು ಹೋಗೋದು ನೆನಪಲ್ಲ, ನೋಟ. ಕಣ್ಣು ಸರಿ ಇರುತ್ತೆ, ಕಂಡದ್ದು ಏನು ಅಂತ ಮಿದುಳಿಗೆ ತಿಳಿಯೋದಿಲ್ಲ. ಎದುರಿಗೇ ಇರುವ ವಸ್ತು ಕಾಣೋದಿಲ್ಲ. ಕೀಲಿಮಣೆಯ ಅಕ್ಷರ ಸಿಗೋದಿಲ್ಲ. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ದಿನಾ ಬರೆದ ಮನುಷ್ಯನಿಗೆ ಬಂದ ಕಾಯಿಲೆ ಅದು. ಆಮೇಲೆ ಅವರು ಬಾಯಲ್ಲಿ ಹೇಳಿ ಬರೆಸಿದರು, ಸಹಾಯಕ ರಾಬ್ ವಿಲ್ಕಿನ್ಸ್ ಹತ್ತಿರ, ಮಾತನ್ನು ಅಕ್ಷರ ಮಾಡುವ ಸಾಫ್ಟ್‌ವೇರ್ ಹತ್ತಿರ. ಕಾಯಿಲೆ ಗೊತ್ತಾದ ಮೇಲೂ ಒಂದರ ಹಿಂದೆ ಒಂದು ಪುಸ್ತಕ ಬಂತು. ಜೊತೆಗೆ 2008ರಲ್ಲಿ ಸುಮಾರು ಐದು ಲಕ್ಷ ಪೌಂಡ್ ಆಲ್ಝೈಮರ್ ಸಂಶೋಧನೆಗೆ ಕೊಟ್ಟರು.

ಅದಕ್ಕೇ ಹೇಳ್ತೀನಿ, ಓದಿ. ಕಥೆ ನಾನು ಹೇಳುವುದಿಲ್ಲ.

ಹಳೇಪುಸ್ತಕ

ಕಥೆಯ ಆ ಭಾಗ ನನಗೆ ಗೊತ್ತು ಸರ್. ಶುರುವಿನಲ್ಲೇ ಗ್ರಾನಿ ವೆದರ್‌ವ್ಯಾಕ್ಸ್ ಸಾಯುತ್ತಾಳೆ. ಅದಕ್ಕೇ ತೆರೆಯೋಕೆ ಆಗುತ್ತಿಲ್ಲ. ಎಷ್ಟೋ ಪುಸ್ತಕಗಳಲ್ಲಿ ಜೊತೆಗಿದ್ದ ಅಜ್ಜಿ ಅವಳು.

ತುಂಗಾತೀರ

ಹಳೇಪುಸ್ತಕ ಅವರೇ, ನಾನು ಅದನ್ನು ಓದಿದ್ದು ನಮ್ಮ ಅಜ್ಜಿ ಹೋದ ವರ್ಷ. ಸುಮ್ನೆ ಧೈರ್ಯ ತುಂಬೋಕೆ ಹೇಳುತ್ತಿಲ್ಲ, ಆ ಅಧ್ಯಾಯ ನೀವು ಅಂದುಕೊಂಡ ಹಾಗಿಲ್ಲ.

ಡಿಸ್ಕ್‌ವರ್ಲ್ಡ್‌ನ ಮಾಟಗಾತಿಯರಿಗೆ ತಮ್ಮ ದಿನ ಮೊದಲೇ ಗೊತ್ತಾಗುತ್ತೆ. ಗ್ರಾನಿಗೂ ಗೊತ್ತಾಗುತ್ತೆ. ಅವಳು ಮಾಡೋದು ಏನು ಅಂದರೆ, ಮನೆ ಗುಡಿಸಿ ಸಾರಿಸಿದ ಹಾಗೆ ಎಲ್ಲ ತಿಕ್ಕಿ ತೊಳೆದು, ತನ್ನನ್ನು ಹೊತ್ತುಕೊಂಡು ಹೋಗೋಕೆ ಬುಟ್ಟಿಯನ್ನೂ ತಾನೇ ಹೆಣೆದಿಟ್ಟು, ಬೇರೆಯವರಿಗೆ ಒಂದು ಕೆಲಸವೂ ಉಳಿಯದ ಹಾಗೆ ಮಾಡಿ, ಮಲಗುತ್ತಾಳೆ. ಅಷ್ಟೇ. ಗೋಳಾಟ ಇಲ್ಲ.

ನಮ್ಮಜ್ಜಿ ತೀರ್ಥಹಳ್ಳಿ ಹತ್ತಿರದವರು. ಹೋಗುವ ಹಿಂದಿನ ವಾರ ಹಠ ಮಾಡಿ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಕೆಳಗೆ ಇಳಿಸಿ, ಒರೆಸಿ, ಯಾವುದು ಯಾವ ವರ್ಷದ್ದು ಅಂತ ಅತ್ತೆಗೆ ಹೇಳಿಕೊಟ್ಟರು. ಆಗ ನಮಗೆ ಅರ್ಥ ಆಗಿರಲಿಲ್ಲ. ಪುಸ್ತಕ ಓದುವಾಗ ಅರ್ಥ ಆಯಿತು. ಶರಣರ ಗುಣ ಮರಣದಲ್ಲಿ ನೋಡು ಅಂತಾರಲ್ಲ, ಆ ಮಾತು ಇಂಗ್ಲೆಂಡಿನ ಒಬ್ಬರು ಬರೆದ ಮಾಟಗಾತಿಯ ಕಥೆಯಲ್ಲಿ ನನ್ನ ಕಣ್ಣಿಗೆ ಕಟ್ಟಿತು.

ಕೋಡುಗಾರ

ನಮ್ಮ ಕಡೆಯವರು ಮಾಡಿದ ಕೆಲಸ ಒಂದನ್ನು ಹೇಳಲೇಬೇಕು. ನಮ್ಮ ಕಡೆಯವರು ಅಂದರೆ ಕಂಪ್ಯೂಟರ್ ಕೆಲಸದವರು.

'ಗೋಯಿಂಗ್ ಪೋಸ್ಟಲ್' ಕಾದಂಬರಿಯಲ್ಲಿ ಕ್ಲಾಕ್ಸ್ ಅಂತ ಇದೆ. ಬೆಟ್ಟದಿಂದ ಬೆಟ್ಟಕ್ಕೆ ಗೋಪುರಗಳು, ಒಂದು ಗೋಪುರದವರು ದೀಪ, ಹಲಗೆ ಆಡಿಸಿ ಮುಂದಿನ ಗೋಪುರಕ್ಕೆ ಸುದ್ದಿ ದಾಟಿಸುತ್ತಾರೆ. ಗೋಪುರದ ಕೆಲಸದಲ್ಲಿ ಸತ್ತ ಹುಡುಗನೊಬ್ಬನ ಹೆಸರನ್ನು ಅವನ ಜೊತೆಗಾರರು ಆ ಸಾಲಿನಲ್ಲಿ ಬಿಟ್ಟಿರುತ್ತಾರೆ. ಹೆಸರಿನ ಹಿಂದೆ ಜಿ, ಎನ್, ಯು ಅಂತ ಮೂರು ಅಕ್ಷರ. ಜಿ ಅಂದರೆ ಮುಂದಕ್ಕೆ ಕಳಿಸು. ಎನ್ ಅಂದರೆ ಲೆಕ್ಕದ ಪುಸ್ತಕದಲ್ಲಿ ಬರೆಯಬೇಡ. ಯು ಅಂದರೆ ಸಾಲು ಮುಗಿದಲ್ಲಿ ಹಿಂದಕ್ಕೆ ತಿರುಗಿಸು. ಹೀಗೆ ಆ ಹೆಸರು ಗೋಪುರಗಳ ನಡುವೆ ಓಡಾಡುತ್ತಲೇ ಇರುತ್ತೆ. ಹೆಸರು ಹೇಳುವವರು ಇರುವವರೆಗೂ ಮನುಷ್ಯ ಸತ್ತಿಲ್ಲ ಅನ್ನೋದು ಅವರ ನಂಬಿಕೆ.

ಪ್ರಾಚೆಟ್ ಹೋದ ಮೇಲೆ ಓದುಗರು ಅದನ್ನೇ ನಿಜ ಮಾಡಿದರು. ನಾವು ಒಂದು ವೆಬ್ ಪುಟ ತೆರೆದಾಗ ಕಣ್ಣಿಗೆ ಕಾಣದ ಕೆಲವು ಸಾಲು ಸರ್ವರ್‌ನಿಂದ ಮೊದಲು ಬರುತ್ತವೆ, ಹೆಡರ್ ಅಂತೀವಿ. ಅದರಲ್ಲಿ ಎಕ್ಸ್-ಕ್ಲಾಕ್ಸ್-ಓವರ್‌ಹೆಡ್ ಅಂತ ಒಂದು ಸಾಲು ಸೇರಿಸಿ, ಅದರ ಮುಂದೆ ಜಿಎನ್‌ಯು ಟೆರಿ ಪ್ರಾಚೆಟ್ ಅಂತ ಬರೆದರು. ಯಾವ ಉಪಯೋಗವೂ ಇಲ್ಲ, ಹೆಸರು ಓಡಾಡುತ್ತೆ ಅಷ್ಟೇ. ಗಾರ್ಡಿಯನ್ ಪತ್ರಿಕೆಯ ತಾಣದಲ್ಲೂ ಹಾಕಿದ್ದರು.

ನನ್ನ ಸ್ವಂತ ಸರ್ವರ್ ಒಂದಿದೆ, ಚಿಕ್ಕದು. ಅದರಲ್ಲಿ ಹತ್ತು ವರ್ಷದಿಂದ ಈ ಸಾಲು ಇದೆ. 2021ರಲ್ಲಿ ನಮ್ಮ ತಂಡದ ಒಬ್ಬ ಹುಡುಗ ಕೋವಿಡ್‌ನಲ್ಲಿ ಹೋದ. ಅವನ ಹೆಸರನ್ನೂ ಅದರ ಪಕ್ಕದಲ್ಲಿ ಸೇರಿಸಿದ್ದೇನೆ. ಅವನ ಮನೆಯವರಿಗೆ ಇದು ಗೊತ್ತಿಲ್ಲ. ಹೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ತುಂಗಾತೀರ

ಹೇಳಿ. ದಯವಿಟ್ಟು ಹೇಳಿ. ಅವರಿಗೆ ತಾಂತ್ರಿಕ ವಿಷಯ ಅರ್ಥ ಆಗದೇ ಇರಬಹುದು, ನಂದಾದೀಪ ಅಂದರೆ ಅರ್ಥ ಆಗುತ್ತೆ.

ದೂರದೂರು

ನಾನು ಇಂಗ್ಲೆಂಡಿನ ದಕ್ಷಿಣದಲ್ಲಿ ಇದ್ದೇನೆ, ಮೂಲ ಹಾಸನ. 2017ರ ಕೊನೆಯಲ್ಲಿ ಸಾಲ್ಸ್‌ಬರಿ ಮ್ಯೂಸಿಯಮ್‌ನಲ್ಲಿ ಅವರ ಬಗ್ಗೆ ಪ್ರದರ್ಶನ ಇತ್ತು, ಹೋಗಿದ್ದೆ. ಅವರು ಕೂತು ಬರೆಯುತ್ತಿದ್ದ ಕೋಣೆಯನ್ನು ಅಲ್ಲಿ ಮತ್ತೆ ಕಟ್ಟಿದ್ದರು. ಆದರೆ ಜನ ಜಾಸ್ತಿ ಹೊತ್ತು ನಿಂತದ್ದು ಇನ್ನೊಂದರ ಮುಂದೆ. ಪುಡಿಯಾದ ಒಂದು ಹಾರ್ಡ್ ಡಿಸ್ಕ್.

ಗೊತ್ತಿಲ್ಲದವರಿಗೆ ಹೇಳ್ತೀನಿ. ಬರೆದು ಮುಗಿಸದ ಕಥೆಗಳು ಇರುವ ಡಿಸ್ಕನ್ನು ಸ್ಟೀಮ್ ರೋಲರ್ ಕೆಳಗೆ ಹಾಕಿ ನಾಶ ಮಾಡಬೇಕು ಅಂತ ಅವರು ಹೇಳಿಹೋಗಿದ್ದರು. 2017ರ ಆಗಸ್ಟ್ 25ರಂದು ಡಾರ್ಸೆಟ್‌ನ ಸ್ಟೀಮ್ ಯಂತ್ರಗಳ ಜಾತ್ರೆಯಲ್ಲಿ ರಾಬ್ ವಿಲ್ಕಿನ್ಸ್ ಹಾಗೇ ಮಾಡಿಸಿದರು. ನಮ್ಮಲ್ಲಿ ರಸ್ತೆಗೆ ಟಾರು ಹಾಕುವಾಗ ಜಲ್ಲಿ ಮೇಲೆ ಓಡಿಸ್ತಾರಲ್ಲ, ಅದರ ಹಳೆಯ ಕಾಲದ, ಹಬೆಯಲ್ಲಿ ಓಡುವ ಗಾಡಿ. ಹಲವು ಸಲ ಓಡಿಸಿದರೂ ಡಿಸ್ಕ್ ಪೂರ್ತಿ ಒಡೆಯಲಿಲ್ಲ, ಆಮೇಲೆ ಕಲ್ಲು ಪುಡಿ ಮಾಡುವ ಯಂತ್ರಕ್ಕೆ ಹಾಕಿದರು. ಹತ್ತರವರೆಗೆ ಮುಗಿಯದ ಕಾದಂಬರಿಗಳು ಅದರಲ್ಲಿ ಇದ್ದವು ಅನ್ನುತ್ತಾರೆ.

ಗಾಜಿನ ಆಚೆ ಆ ಚೂರುಗಳನ್ನು ನೋಡಿ ನನಗೆ ಸಿಟ್ಟು ಬಂತು. ಈಗಲೂ ಇದೆ. ಒಂದು ಪುಟವಾದರೂ ಉಳಿಸಬಹುದಿತ್ತು.

ನಾಗರಬೆತ್ತ

ಸಿಟ್ಟು ಅರ್ಥ ಆಗುತ್ತೆ. ಆದರೆ ನಾನು ಒಪ್ಪುವುದಿಲ್ಲ. ಅಡುಗೆಯವರು ಅರ್ಧ ಬೆಂದದ್ದನ್ನು ಬಡಿಸಬೇಡಿ ಅಂದರೆ ಬಡಿಸಬಾರದು. ಅವರ ಮಗಳು ರಿಯಾನಾ ಕೂಡ ಬರಹಗಾರ್ತಿ, ಬೇಕಿದ್ದರೆ ಅವರೇ ಡಿಸ್ಕ್‌ವರ್ಲ್ಡ್ ಮುಂದುವರಿಸಬಹುದಿತ್ತು. ಹೊಸ ಕಾದಂಬರಿ ಬರುವುದಿಲ್ಲ ಅಂತ 2015ರಲ್ಲೇ ಹೇಳಿಬಿಟ್ಟರು. ಅದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಯೋಚಿಸಿ.

ಜೊತೆಗೆ ಈ 'ಶೆಫರ್ಡ್ಸ್ ಕ್ರೌನ್' ಕೂಡ ಅವರ ಮನಸ್ಸಿಗೆ ಬಂದಷ್ಟು ತಿದ್ದಲು ಸಮಯ ಸಿಗದ ಪುಸ್ತಕ. ಕೊನೆಯ ಪುಟಗಳಲ್ಲಿ ವಿಲ್ಕಿನ್ಸ್ ಅದನ್ನು ಬರೆದಿದ್ದಾರೆ. ಓದುವಾಗ ಕೆಲವು ಕಡೆ ಗೊತ್ತಾಗುತ್ತೆ, ಇಲ್ಲಿ ಇನ್ನೊಂದು ಮಾತು ಬರಬೇಕಿತ್ತು ಅಂತ. ನನಗೆ ಅದೇ ಜಾಸ್ತಿ ಹತ್ತಿರ ಆಯಿತು.

ದೂರದೂರು

ಅದೂ ಸರಿ ಅನ್ನಿ. ಇನ್ನೊಂದು ನೆನಪಾಯಿತು, ಸಿಟ್ಟು ಇಳಿಸುವಂಥದ್ದು. ಅವರು ಹೆಸರು ಮಾಡುವ ಮೊದಲು ಪತ್ರಿಕೆಗೆ ಬೇರೆ ಹೆಸರಿನಲ್ಲಿ ಬರೆದ ಚಿಕ್ಕ ಕಥೆಗಳು ಇದ್ದವು. ಓದುಗರೇ ಲೈಬ್ರರಿಯಲ್ಲಿ ಕೂತು ಹಳೆ ಪತ್ರಿಕೆಗಳ ಕಟ್ಟು ಬಿಚ್ಚಿ ಹುಡುಕಿದರು. 2023ರಲ್ಲಿ 20 ಕಥೆಗಳ ಪುಸ್ತಕ ಬಂತು. ಹೋಗಿ ಎಂಟು ವರ್ಷ ಆದಮೇಲೆ ಹೊಸ ಪುಸ್ತಕ! ಅಂಗಡಿಯಲ್ಲಿ ಅದನ್ನು ಕೈಗೆ ತೆಗೆದುಕೊಂಡಾಗ ನನ್ನ ಕೈ ನಡುಗುತ್ತಿತ್ತು.

ಆಮೇಲೆ ಯಾರಾದರೂ ಈ ಕಡೆ ಬಂದರೆ ಸಾಮರ್‌ಸೆಟ್‌ನ ವಿಂಕ್ಯಾಂಟನ್ ಊರಿಗೆ ಹೋಗಿ. ಡಿಸ್ಕ್‌ವರ್ಲ್ಡ್‌ನ ದೊಡ್ಡ ಪಟ್ಟಣ ಅಂಕ್-ಮೊರ್ಪೋರ್ಕ್‌ಗೆ ಅದು ಅವಳಿ ಊರು. ಕಥೆಯಲ್ಲಿರುವ ಬೀದಿಗಳ ಹೆಸರನ್ನು ಅಲ್ಲಿ ನಿಜವಾದ ಬೀದಿಗಳಿಗೆ ಇಟ್ಟಿದ್ದಾರೆ, ಟ್ರೀಕಲ್ ಮೈನ್ ರಸ್ತೆ ಅಂತ ಫಲಕ ನೋಡಿದಾಗ ಆಗುವ ಖುಷಿ ಹೇಳೋಕಾಗಲ್ಲ.

ಬಿಂಕಿಯಸವಾರ

ಸಾವು ಅವರ ಪುಸ್ತಕಗಳಲ್ಲಿ ಒಂದು ಪಾತ್ರ ಅಂತ ಮೇಲೆ ಬಂತಲ್ಲ, ನಾನು ಅದರ ಬಗ್ಗೆ ಕೇಳಬೇಕು. ಎಲುಬಿನ ಮನುಷ್ಯ, ಕೈಯಲ್ಲಿ ಕುಡುಗೋಲು, ಬಿಳಿ ಕುದುರೆ ಬಿಂಕಿ. ಬೆಕ್ಕು ಅಂದರೆ ಪ್ರಾಣ. ಮಸಾಲೆ ಸಾರು, ನಮ್ಮ ಕಡೆಯ ಕರಿ, ಅದೂ ಇಷ್ಟ. ಇಂಗ್ಲಿಷಿನಲ್ಲಿ ಅವನ ಮಾತೆಲ್ಲ ದೊಡ್ಡ ಅಕ್ಷರಗಳಲ್ಲಿ ಇರುತ್ತೆ. ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಅಂತ ಇಲ್ಲ. ಕನ್ನಡಕ್ಕೆ ತರುವುದಾದರೆ ಆ ದನಿಯನ್ನು ಹೇಗೆ ತರುವುದು?

ಇನ್ನೊಂದು ತೊಡಕು. ಕೆಲವು ಭಾಷೆಗಳಲ್ಲಿ ಸಾವು ಹೆಣ್ಣು. ನಮ್ಮಲ್ಲಿ ಸಾವು ಅದು, ನಪುಂಸಕ. ಸಾವು ಬಂತು ಅಂತೀವಿ. ಸಾವು ಬಂದ ಅಂದರೆ ಕಿವಿಗೆ ಕುಟ್ಟುತ್ತೆ. ಹಾಗಾದರೆ ಯಮ ಅನ್ನಬೇಕಾ?

ತಾಳಮದ್ದಳೆ

ಯಮ ಬೇಡ. ಯಮ ಅಂದ ಕೂಡಲೇ ಕೋಣ, ಪಾಶ, ನರಕ, ಚಿತ್ರಗುಪ್ತನ ಲೆಕ್ಕ ಎಲ್ಲ ಹಿಂದೆ ಬರುತ್ತೆ. ಪ್ರಾಚೆಟ್ ಅವರ ಸಾವು ಲೆಕ್ಕ ಕೇಳುವವನಲ್ಲ, ಶಿಕ್ಷೆ ಕೊಡುವವನೂ ಅಲ್ಲ. ಕರೆದುಕೊಂಡು ಹೋಗುವವನು ಅಷ್ಟೇ.

ದನಿಗೆ ನಾನು ಮೊದಲು ಯಕ್ಷಗಾನದ ಅರ್ಥಗಾರಿಕೆ ಸರಿ ಅಂದುಕೊಂಡಿದ್ದೆ, ಗಟ್ಟಿ ಸ್ವರ, ತೂಕದ ಮಾತು. 'ಮಾರ್ಟ್' ಓದಿದ ಮೇಲೆ ಬೇಡ ಅನ್ನಿಸಿತು. ಅವನದು ದೊಡ್ಡ ದನಿ ನಿಜ, ಆದರೆ ಅವನಿಗೆ ಮನುಷ್ಯರ ರೀತಿ ಗೊತ್ತಿಲ್ಲ, ಕಲಿಯಬೇಕು ಅಂತ ಆಸೆ. ಸುಲಭದ ವಿಷಯವನ್ನೂ ಕುತೂಹಲದಿಂದ ಕೇಳ್ತಾನೆ. ನಚಿಕೇತನ ಕಥೆ ಇದೆಯಲ್ಲ, ಹುಡುಗ ಮೂರು ರಾತ್ರಿ ಯಮನ ಮನೆ ಬಾಗಿಲಲ್ಲಿ ಕಾದು ಪ್ರಶ್ನೆ ಕೇಳ್ತಾನೆ. ಇಲ್ಲಿ ತಿರುಗುಮುರುಗು, ಸಾವೇ ನಚಿಕೇತನ ಹಾಗೆ ನಮ್ಮ ಮನೆ ಬಾಗಿಲಲ್ಲಿ ನಿಂತು ಕೇಳುತ್ತೆ.

ಹಳೇಪುಸ್ತಕ

ತಾಳಮದ್ದಳೆ ಅವರೇ, ಈ ಮಾತಿಗೆ ನಮಸ್ಕಾರ. ನನಗೆ ಒಂದು ಅನುಭವ ಇದೆ, ಹೇಳ್ತೀನಿ.

ನಮ್ಮ ಅಮ್ಮನಿಗೆ ನಾಲ್ಕು ವರ್ಷದಿಂದ ಮರೆವು. ಮೊದಲು ಪಾತ್ರೆ ಇಟ್ಟ ಜಾಗ, ಆಮೇಲೆ ಬೀದಿ, ಈಗ ಕೆಲವು ದಿನ ನಾನು ಯಾರು ಅನ್ನೋದೂ. ಮೊದಲು ತೋರಿಸಿದ ಕಡೆ ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ಹೇಳಿ ಕಳಿಸಿದ್ದರು, ಅದರಲ್ಲೇ ಒಂದು ವರ್ಷ ಹೋಯಿತು. ಪ್ರಾಚೆಟ್ ತಮ್ಮ ಕಾಯಿಲೆಯನ್ನು ಹೆಸರು ಹಿಡಿದು ಎಲ್ಲರ ಮುಂದೆ ಹೇಳಿದ್ದು ಎಷ್ಟು ದೊಡ್ಡದು ಅಂತ ನನಗೆ ಆಗ ತಿಳಿಯಿತು. ನಮ್ಮ ಕಡೆ ಇನ್ನೂ ಅರಳು ಮರಳು ಅಂದು ಮುಗಿಸುತ್ತಾರೆ.

ಸಂಜೆ ಹೊತ್ತು ಅಮ್ಮನಿಗೆ ತಳಮಳ ಜಾಸ್ತಿ. ಆಗ ನಾನು 'ಮಾರ್ಟ್' ಕಥೆಯನ್ನು ಕನ್ನಡದಲ್ಲಿ, ಬಾಯಲ್ಲೇ ಹೇಳುತ್ತೇನೆ. ಹೆಸರು ಬದಲಿಸುವುದಿಲ್ಲ. ಸಾವು ಮಾತಾಡುವಾಗ ದನಿ ತಗ್ಗಿಸುತ್ತೇನೆ, ನಿಧಾನ ಮಾಡುತ್ತೇನೆ, ಎಲ್ಲರಿಗೂ ಬಹುವಚನ. ಮಗುವಿಗೂ 'ನೀವು'. ಅಷ್ಟರಿಂದಲೇ ಅವನು ಬೇರೆ ಅಂತ ಗೊತ್ತಾಗುತ್ತೆ. ಲಿಂಗದ ತೊಡಕೂ ಬರಲಿಲ್ಲ, ಅಮ್ಮ ಮೊದಲ ದಿನವೇ 'ಅವರು' ಅಂದರು. ಸಾವು ಅವರು. ನಾನೂ ಹಾಗೇ ಉಳಿಸಿಕೊಂಡೆ.

ಒಂದು ದಿನ ಕೇಳಿದರು, ಅವರು ಕರೆಯೋವಾಗ ಏನಂತಾರೆ ಅಂತ. ನಡೀರಿ ಅಂತಾರೆ ಅಂದೆ. ಅಮ್ಮ ಒಪ್ಪಲಿಲ್ಲ. ಒಳ್ಳೆ ಮನೆಯವರು ನಡೀರಿ ಅನ್ನೋದಿಲ್ಲ, ಬನ್ನಿ ಅಂತಾರೆ, ಅಂದರು.

ತಾಳಮದ್ದಳೆ

ಬನ್ನಿ. ಇದಕ್ಕಿಂತ ಸರಿಯಾದ ಅನುವಾದ ನನ್ನಿಂದ ಆಗುತ್ತಿರಲಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಬಿಂಕಿಯಸವಾರ

ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗಲಿಲ್ಲ ಅಕ್ಕ.

ಕಾರವಾರಕಡಲು

ನಾನು ನರ್ಸ್, ಹಾಗಾಗಿ ಒಂದು ವಿಷಯ ಸೇರಿಸುತ್ತೇನೆ. ಕಾಯಿಲೆ ಬಂದ ಮೇಲೆ ಪ್ರಾಚೆಟ್ ಜಾಸ್ತಿ ಮಾತಾಡಿದ್ದು ತಮ್ಮ ಸಾವನ್ನು ತಾವೇ ಆರಿಸಿಕೊಳ್ಳುವ ಹಕ್ಕಿನ ಬಗ್ಗೆ. 2010ರಲ್ಲಿ ಬಿಬಿಸಿಯಲ್ಲಿ ಡಿಂಬಲ್‌ಬಿ ಉಪನ್ಯಾಸ ಬರೆದರು, ಓದೋಕೆ ಕಷ್ಟ ಆಗುತ್ತಿದ್ದರಿಂದ ನಟ ಟೋನಿ ರಾಬಿನ್‌ಸನ್ ಓದಿದರು. ಕೊನೆಗೆ ಅವರು ಹೋದದ್ದು ಮಾತ್ರ ಸಹಜವಾಗಿ, ಮನೆಯಲ್ಲಿ.

ಅವರು ಹೋದ ಎರಡು ತಿಂಗಳಿಗೆ, 2015ರ ಮೇ 18ರಂದು, ಅರುಣಾ ಶಾನಭಾಗ್ ಹೋದರು. ನಮ್ಮ ಉತ್ತರ ಕನ್ನಡದ ಹಳದೀಪುರದವರು, ಮುಂಬೈಯಲ್ಲಿ ನರ್ಸ್ ಆಗಿದ್ದವರು. 1973ರ ಹಲ್ಲೆಯ ನಂತರ ಸುಮಾರು 42 ವರ್ಷ ಹಾಸಿಗೆಯಲ್ಲೇ ಇದ್ದರು. ಅವರ ಜೊತೆಗಾರ ನರ್ಸ್‌ಗಳು ಅಷ್ಟೂ ವರ್ಷ ನೋಡಿಕೊಂಡರು. ಆ ವರ್ಷ ಈ ಎರಡು ಸಾವೂ ನನ್ನ ತಲೆಯಲ್ಲಿ ಒಟ್ಟಿಗೇ ಇದ್ದವು. 2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯ ಸಾವು, ಅಂದರೆ ಗುಣವಾಗದವರಿಗೆ ಯಂತ್ರಗಳ ಆಸರೆ ನಿಲ್ಲಿಸಿ ಸಹಜವಾಗಿ ಹೋಗಲು ಬಿಡುವುದು, ನಮ್ಮ ಹಕ್ಕು ಅಂದಿತು, 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದಕ್ಕೆ ಆದೇಶ ಹೊರಡಿಸಿದೆ. ಪ್ರಾಚೆಟ್ ಕೇಳಿದ್ದು ಇದಕ್ಕಿಂತ ಬೇರೆ, ಇನ್ನೂ ದೂರದ್ದು. ಅವರು ಹೇಳಿದ್ದಕ್ಕೆಲ್ಲ ನಾನು ಹೂಂ ಅನ್ನುವುದಿಲ್ಲ. ವಾರ್ಡಿನಲ್ಲಿ ನೋಡಿದ್ದೇನೆ, ಹೊರೆ ಆಗ್ತಿದ್ದೀನಿ ಅನ್ನೋ ಒಂದೇ ಕಾರಣಕ್ಕೆ ಸಾಕು ಅನ್ನೋ ಹಿರಿಯರು ಎಷ್ಟೋ ಜನ. ಆದರೆ ಸಾವಿನ ಮಾತು ಎತ್ತಿದರೆ ಬಿಡ್ತು ಅನ್ನು ಅನ್ನುವ ಮನೆಗಳಲ್ಲಿ, ಕೂತು ಮಾತಾಡಬಹುದು ಅಂತ ತೋರಿಸಿಕೊಟ್ಟರು. ಅದಕ್ಕೆ ಋಣಿ.

ಹೊಸಓದು

ನಾನು ಅವರದ್ದು ಒಂದೂ ಓದಿಲ್ಲ. ಇದನ್ನೆಲ್ಲ ಓದುತ್ತಾ ಕೂತವನಿಗೆ ಈಗ ಓದಲೇಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ? ಇಂಗ್ಲಿಷ್ ಅಷ್ಟು ಚೆನ್ನಾಗಿ ಬರುವುದಿಲ್ಲ.

ತುಂಗಾತೀರ

'ದಿ ವೀ ಫ್ರೀ ಮೆನ್' ತೆಗೆದುಕೊಳ್ಳಿ. ಮಕ್ಕಳಿಗೆ ಬರೆದದ್ದು, ಕುಳ್ಳ ನೀಲಿ ಮನುಷ್ಯರ ಭಾಷೆ ಸ್ವಲ್ಪ ತೊಡಕು, ಉಳಿದದ್ದು ಸುಲಭ. ಒಂಬತ್ತು ವರ್ಷದ ಟಿಫನಿ, ಕೈಯಲ್ಲಿ ಕಾವಲಿ ಹಿಡಿದು ತಮ್ಮನನ್ನು ಬಿಡಿಸಿಕೊಂಡು ಬರೋಕೆ ಹೋಗ್ತಾಳೆ. ಅವಳ ಅಜ್ಜಿ ಕುರಿ ಕಾಯುವವಳು, ಕಥೆ ಶುರುವಾಗುವ ಮೊದಲೇ ತೀರಿಕೊಂಡಿರುತ್ತಾಳೆ. ಅಲ್ಲಿ ಕುರಿ ಕಾಯುವವರನ್ನು ಮಣ್ಣು ಮಾಡುವಾಗ ಒಂದು ಚೂರು ಉಣ್ಣೆ ಜೊತೆಗೆ ಇಡುತ್ತಾರೆ. ವಾರ ವಾರ ದೇವರ ಮನೆಗೆ ಬರದೇ ಇದ್ದದ್ದು ಯಾಕೆ, ಕುರಿಗಳನ್ನು ನೋಡಿಕೊಳ್ಳಬೇಕಿತ್ತು ಅಂತ, ದೇವರಿಗೆ ಅದನ್ನು ನೋಡಿದರೆ ತಿಳಿಯಲಿ ಅಂತ. ಈ ಒಂದು ವಿಷಯಕ್ಕೆ ನಾನು ಪ್ರಾಚೆಟ್ ಅವರನ್ನು ಬಿಡಲಾರದೆ ಹಿಡಿದುಕೊಂಡೆ. ಕೊನೆಯ ಪುಸ್ತಕವೂ ಇದೇ ಟಿಫನಿಯದ್ದು.

ಕೋಡುಗಾರ

ಮೇಲೆ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿನ್ನೆ ಆ ಹುಡುಗನ ತಾಯಿಗೆ ಫೋನ್ ಮಾಡಿದೆ. ಹೆಡರ್, ಸರ್ವರ್ ಅನ್ನಲಿಲ್ಲ. ಒಂದು ಕಡೆ ಅವನ ಹೆಸರು ದಿನಾ ಓಡಾಡುತ್ತಿದೆ ಅಮ್ಮ, ನಾನು ನೋಡಿಕೊಳ್ಳುತ್ತಿದ್ದೇನೆ ಅಂದೆ. ಅವರು ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನ ಹೆಸರಿನಲ್ಲಿ ದೀರ್ಘ ಇದೆ, ಸರಿಯಾಗಿ ಬರೆದಿದ್ದೀಯಾ ಅಂತ ಕೇಳಿದರು. ನೋಡಿದೆ. ಬರೆದಿರಲಿಲ್ಲ. ತಿದ್ದಿದೆ.

ಹಳೇಪುಸ್ತಕ

ಮೂರು ದಿನ ಆಯಿತು. ನಿಮ್ಮೆಲ್ಲರ ಮಾತು ದಿನಾ ಓದುತ್ತಿದ್ದೆ.

ನಿನ್ನೆ ಸಂಜೆ 'ಶೆಫರ್ಡ್ಸ್ ಕ್ರೌನ್' ಕೆಳಗೆ ಇಳಿಸಿ ಧೂಳು ಒರೆಸಿದೆ. ಒಬ್ಬಳೇ ಓದೋಕೆ ಧೈರ್ಯ ಬರಲಿಲ್ಲ, ಅಮ್ಮನ ಮಂಚದ ಪಕ್ಕ ಕೂತೆ. ಇಂಗ್ಲಿಷಿನಲ್ಲಿ ಒಂದೊಂದು ಪ್ಯಾರಾ ಓದಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ. ಗ್ರಾನಿ ಮನೆ ತಿಕ್ಕುವ ಜಾಗಕ್ಕೆ ಬಂದಾಗ ಅಮ್ಮ ಕೇಳಿದರು, ಯಾರಾದರೂ ಬರ್ತಾರಾ ಅವಳ ಮನೆಗೆ? ಹೂಂ ಅಮ್ಮ, ಅವರು ಬರ್ತಾರೆ ಅಂದೆ. ಹಾಗಾದರೆ ಕಾಫಿಗೆ ಇಡಬೇಕಲ್ಲ ಅಂದರು.

ಅಲ್ಲಿಗೆ ಗುರುತು ಇಟ್ಟು ಮುಚ್ಚಿದೆ. ಇವತ್ತು ಸಂಜೆ ಮುಂದಿನದು.